ಬ್ಯಾಟರಿಗೆ ಸಿಕ್ಕ ಕ್ಲೀನ್ ಚಿಟ್

2003ರ ಜುಲೈನಲ್ಲಿ ಹಾಲಿವುಡ್ಡಿನ ಒಂದು ಸ್ಮಶಾನದಲ್ಲಿ ಕಾರಿಗೆ ಅಂತ್ಯಕ್ರಿಯೆ ನಡೆಯಿತು. ಜನ ಸೇರಿದರು, ಶ್ರದ್ಧಾಂಜಲಿ ಭಾಷಣಗಳಾದವು. ತೀರಿಕೊಂಡದ್ದು ಜನರಲ್ ಮೋಟರ್ಸ್‌ನ ಇವಿ1 ಎಂಬ ವಿದ್ಯುತ್ ಕಾರು. ಕ್ರಿಸ್ ಪೇಯ್ನ್ 2006ರಲ್ಲಿ ತೆರೆಗೆ ತಂದ ‘ಹೂ ಕಿಲ್ಡ್ ದಿ ಎಲೆಕ್ಟ್ರಿಕ್ ಕಾರ್?’ ಸಾಕ್ಷ್ಯಚಿತ್ರ ಈ ಅಣಕು ಅಂತ್ಯಕ್ರಿಯೆಯಿಂದ ಶುರುವಾಗಿ, ಮುಂದೆ ಪೂರಾ ಕೊಲೆ ಮೊಕದ್ದಮೆಯ ರೂಪ ತಾಳುತ್ತದೆ. ಕಟಕಟೆಯಲ್ಲಿ ಏಳು ಆರೋಪಿಗಳು: ಗ್ರಾಹಕರು, ಬ್ಯಾಟರಿ, ತೈಲ ಕಂಪನಿಗಳು, ಕಾರು ಕಂಪನಿಗಳು, ಸರ್ಕಾರ, ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಮತ್ತು ಹೈಡ್ರೋಜನ್ ಇಂಧನಕೋಶ. ಕೊನೆಗೆ ಆರು ಮಂದಿ ಅಪರಾಧಿಗಳೆಂದು ತೀರ್ಪಾಗುತ್ತದೆ. ಬ್ಯಾಟರಿಯೊಂದೇ ಖುಲಾಸೆ.

ಆ ಖುಲಾಸೆಯ ಬಗ್ಗೆಯೇ ನನ್ನ ತಕರಾರು.

ಹಾಗೆಂದು ಚಿತ್ರದ ಕಸುವನ್ನು ಕಡೆಗಣಿಸುವಂತಿಲ್ಲ. ಕಥೆ ಶುರುವಾಗುವುದು 1990ರಲ್ಲಿ. ಲಾಸ್ ಏಂಜಲಿಸ್‌ನ ಹೊಗೆಮಂಜಿನಿಂದ ಬೇಸತ್ತ ಕ್ಯಾಲಿಫೋರ್ನಿಯಾ ಆ ವರ್ಷ ಒಂದು ನಿಯಮ ಮಾಡಿತು. ದೊಡ್ಡ ಕಂಪನಿಗಳು ಅಲ್ಲಿ ಮಾರುವ ಹೊಸ ಕಾರುಗಳಲ್ಲಿ 1998ರ ಹೊತ್ತಿಗೆ ನೂರಕ್ಕೆ 2, 2003ರ ಹೊತ್ತಿಗೆ ನೂರಕ್ಕೆ 10 ಹೊಗೆಯನ್ನೇ ಉಗುಳದಂಥವು ಆಗಿರಬೇಕು. ಆ ಒತ್ತಡದಲ್ಲಿ ಇವಿ1 1996ರಲ್ಲಿ ರಸ್ತೆಗಿಳಿಯಿತು. ಮಾರಾಟಕ್ಕಿರಲಿಲ್ಲ, ಲೀಸಿಗೆ ಮಾತ್ರ. ತಯಾರಾದದ್ದು 1,117. ಒಂದು ಕಡೆ ಕಾರು ಬಿಡುತ್ತಲೇ ಇನ್ನೊಂದು ಕಡೆ ಕಂಪನಿಗಳು ಆ ನಿಯಮದ ವಿರುದ್ಧ ಕೋರ್ಟಿಗೆ ಹೋದವು, ಬುಷ್ ಸರ್ಕಾರ ಅವರ ಬೆನ್ನಿಗೆ ನಿಂತಿತು, 2003ರ ಏಪ್ರಿಲ್‌ನಲ್ಲಿ ಮಂಡಳಿ ನಿಯಮವನ್ನು ತೆಳುಗೊಳಿಸಿತು. ಲೀಸ್ ಮುಗಿದ ಕಾರುಗಳನ್ನು ಕಂಪನಿ ವಾಪಸು ಪಡೆಯಿತು. 2005ರಲ್ಲಿ ಬರ್ಬ್ಯಾಂಕ್‌ನ ಅಂಗಳದಲ್ಲಿ ಉಳಿದಿದ್ದ 78 ಕಾರುಗಳಿಗೆ ಬಳಕೆದಾರರು 19 ಲಕ್ಷ ಡಾಲರ್ ಕೊಡುತ್ತೇವೆಂದು ಮುಂದೆ ಬಂದರು. ಕಂಪನಿ ಒಪ್ಪಲಿಲ್ಲ. ಆಮೇಲೆ ಬರುವ ದೃಶ್ಯವನ್ನು ಮರೆಯುವುದು ಕಷ್ಟ. ಅರಿಜೋನಾದ ಮರುಭೂಮಿಯಲ್ಲಿರುವ ಕಂಪನಿಯ ಪರೀಕ್ಷಾ ಮೈದಾನದ ಮೇಲೆ ಹೆಲಿಕಾಪ್ಟರ್ ಹಾರುತ್ತದೆ. ಕೆಳಗೆ ಇನ್ನೂ ಬಣ್ಣ ಮಾಸದ ಕಾರುಗಳು ಅಪ್ಪಚ್ಚಿಯಾಗಿ ಒಂದರ ಮೇಲೊಂದು ಪೇರಿಸಿಕೊಂಡು ಬಿದ್ದಿವೆ. ಕೇಳುವವರಿದ್ದಾಗಲೂ ಹೀಗೆ ಜಜ್ಜಿ ಹಾಕಿದ್ದೇಕೆ ಎಂಬ ಪ್ರಶ್ನೆಗೆ ಕಂಪನಿ ಕೊಟ್ಟ ಯಾವ ಉತ್ತರವೂ ನಂಬುವಂತಿಲ್ಲ.

ಮಂಡಳಿಯ ಅಧ್ಯಾಯ ಇಡೀ ಚಿತ್ರದಲ್ಲೇ ಗಟ್ಟಿ. ಅಧ್ಯಕ್ಷ ಅಲನ್ ಲಾಯ್ಡ್ ಅದೇ ಹೊತ್ತಿಗೆ ಹೈಡ್ರೋಜನ್ ಇಂಧನಕೋಶದ ಸಹಭಾಗಿತ್ವ ಕೂಟವೊಂದರ ಮುಖ್ಯಸ್ಥರೂ ಆಗಿದ್ದರು. ಇಲ್ಲಿ ಚಿತ್ರ ಕೂಗಾಡುವುದಿಲ್ಲ, ಸಭೆಯ ದೃಶ್ಯಗಳನ್ನು ತೋರಿಸಿ ಸುಮ್ಮನಾಗುತ್ತದೆ. ಉಳಿದೆಡೆ ಇಷ್ಟು ಸಂಯಮ ಕಾಣುವುದಿಲ್ಲ. ಮಾರ್ಟಿನ್ ಶೀನ್ ಅವರ ಗಂಭೀರ ನಿರೂಪಣೆ ಕೆಲವು ಕಡೆ ಅಪರಾಧ ಧಾರಾವಾಹಿಯ ಮಟ್ಟಕ್ಕೂ ಇಳಿಯುತ್ತದೆ.

ಮೊಕದ್ದಮೆಯ ರೂಪಕ್ಕೆ ಒಂದು ಕಟ್ಟುಪಾಡಿದೆ. ಹೆಣ ಬಿದ್ದ ಮೇಲೆ ಕೊಲೆಗಾರ ಬೇಕೇ ಬೇಕು. ಕಾಯಿಲೆಯಿಂದಲೂ ಸಾಯಬಹುದು ಎಂಬ ಸಾಧ್ಯತೆಗೆ ಅಲ್ಲಿ ಜಾಗವಿಲ್ಲ. ಇವಿ1ರ ಮೊದಲ ಮಾದರಿಯ ಸೀಸ-ಆಮ್ಲ ಬ್ಯಾಟರಿಯೇ ಅರ್ಧ ಟನ್ನಿಗಿಂತ ಭಾರವಿತ್ತು, ಕಾರಿನಲ್ಲಿ ಕೂರುತ್ತಿದ್ದವರು ಇಬ್ಬರೇ. ಸ್ಟ್ಯಾನ್‌ಫರ್ಡ್ ಓವ್‌ಶಿನ್‌ಸ್ಕಿಯವರ ನಿಕಲ್ ಬ್ಯಾಟರಿ ಬಂದ ಮೇಲೆ ಓಟ ಹೆಚ್ಚಿತು, ನಿಜ. ದಿನದ ಓಡಾಟಕ್ಕೆ ಅದು ಸಾಕಿತ್ತು ಎಂಬುದೂ ನಿಜ. ಚಿತ್ರ ಅಷ್ಟಕ್ಕೇ ತೀರ್ಪು ಬರೆದುಬಿಡುತ್ತದೆ. ಆ ಬ್ಯಾಟರಿಗೆ ತಗಲುತ್ತಿದ್ದ ಖರ್ಚೆಷ್ಟು ಎಂಬ ಲೆಕ್ಕ ವಿಚಾರಣೆಯಲ್ಲಿ ಬಲವಾಗಿ ಬರುವುದೇ ಇಲ್ಲ.

ಈ ಮೊಕದ್ದಮೆಯಲ್ಲಿ ಕರೆಯದೇ ಬಿಟ್ಟ ಸಾಕ್ಷಿಯೊಂದು ನಮ್ಮೂರಿನಲ್ಲೇ ಇತ್ತು. 1990ರಲ್ಲಿ ಜನರಲ್ ಮೋಟರ್ಸ್ ಅಮೆರಿಕದ ಕಾಲೇಜುಗಳಿಗೆ ನಡೆಸಿದ ಸೌರ ಕಾರುಗಳ ಪಂದ್ಯವನ್ನು ಗೆದ್ದ ಮಿಶಿಗನ್ ವಿಶ್ವವಿದ್ಯಾಲಯದ ತಂಡದಲ್ಲಿ ಚೇತನ್ ಮೈನಿ ಎಂಬ ಬೆಂಗಳೂರಿನ ಹುಡುಗನಿದ್ದ. ಮುಂದೆ ಅವರು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯಲ್ಲಿ ವಿದ್ಯುತ್ ಕಾರುಗಳ ಮೇಲೆ ಕೆಲಸ ಮಾಡಿದರು. ಅಮೆರಿಗಾನ್ ಮತ್ತು ಮೈನಿ ಸಮೂಹ ಕೈಜೋಡಿಸಿದ್ದರ ಫಲವೇ 2001ರಲ್ಲಿ ಬೊಮ್ಮಸಂದ್ರದಿಂದ ಹೊರಬಂದ ರೇವಾ. ಇವಿ1 ಹುಟ್ಟಿದ ಉಮೇದಿನಲ್ಲೇ ಹುಟ್ಟಿದ ಕಾರು ಅದು.

ರೇವಾವನ್ನು ಯಾರೂ ಕೊಲ್ಲಲಿಲ್ಲ. ಯಾರೂ ಅದನ್ನು ವಾಪಸು ಕಸಿದುಕೊಂಡು ಜಜ್ಜಲಿಲ್ಲ. ಬೆಲೆ ಕೊಟ್ಟು ಕೊಂಡು ಮನೆಗೆ ಒಯ್ಯಬಹುದಿತ್ತು, 15 ಆಂಪ್ ಸಾಕೆಟ್ಟಿಗೆ ಸಿಕ್ಕಿಸಬಹುದಿತ್ತು. ಮುಂದಿನ ಸೀಟಿನಡಿ ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು, ಅವಕ್ಕೆ ಡಿಸ್ಟಿಲ್ಡ್ ವಾಟರ್ ಉಪಚಾರ; ಪೂರ್ತಿ ಚಾರ್ಜಿಗೆ ಎಂಟು ಗಂಟೆ, ಓಟ ಹೆಚ್ಚೆಂದರೆ 80 ಕಿ.ಮೀ. ಎ.ಸಿ. ಹಾಕಿದರೆ ಅದೂ ಇಳಿಯುತ್ತಿತ್ತು. ಕೆಲವು ವರ್ಷಕ್ಕೊಮ್ಮೆ ಇಡೀ ಬ್ಯಾಟರಿ ಬದಲಿಸುವ ಖರ್ಚು. ಹತ್ತು ವರ್ಷ ಕಳೆದರೂ ಮಾರಾಟ ಕೆಲವೇ ಸಾವಿರ ದಾಟಲಿಲ್ಲ. 2010ರಲ್ಲಿ ಕಂಪನಿ ಮಹೀಂದ್ರಾ ಕೈಸೇರಿತು. ಬ್ಯಾಟರಿ ನಿರಪರಾಧಿಯೆಂದು ಬರೆದ ತೀರ್ಪು ಈ ಸಾಕ್ಷಿಯ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ.

ಇದೇ ಸಾಕ್ಷಿ ಪೇಯ್ನ್ ಪರವಾಗಿಯೂ ಒಂದು ಮಾತು ಹೇಳುತ್ತದೆ. ರೇವಾವನ್ನು ಲಂಡನ್ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅಪ್ಪಿಕೊಂಡಿತು. ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ 2003ರಲ್ಲಿ ಹಾಕಿದ ದಟ್ಟಣೆ ಶುಲ್ಕ ಅದಕ್ಕಿರಲಿಲ್ಲ. ಬ್ರಿಟನ್ನಿನ ಕಾರು ಪತ್ರಕರ್ತರು ಅದನ್ನು ಆಡಿಕೊಂಡು ನಕ್ಕರು, ಅಪಘಾತದಲ್ಲಿ ಅದು ತಡೆದೀತೇ ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ನಾಲ್ಕು ಗಾಲಿಯ ಲಘು ವಾಹನವೆಂದು ನೋಂದಣಿಯಾಗಿದ್ದರಿಂದ ಕಾರಿನ ಕಟ್ಟುನಿಟ್ಟಿನ ಪರೀಕ್ಷೆ ಅದಕ್ಕಿರಲಿಲ್ಲ. ಆದರೂ ಜನ ಕೊಂಡರು. ಸಾಧಾರಣ ಬ್ಯಾಟರಿಯ ಕಾರನ್ನೂ ಒಂದು ಒಳ್ಳೆಯ ನಿಯಮ ಓಡಿಸಬಲ್ಲದು. ನಿಯಮ ತೆಳುವಾದರೆ ಒಳ್ಳೆಯ ಕಾರೂ ಗುಜರಿಗೆ ಹೋಗುತ್ತದೆ.

ಆಮೇಲಿನ ವರ್ಷಗಳಲ್ಲಿ ವಿದ್ಯುತ್ ಕಾರಿನ ಹಣೆಬರಹ ಬದಲಾಯಿಸಿದ್ದು ಲಿಥಿಯಂ. ಕಿಲೋವ್ಯಾಟ್ ಗಂಟೆಗೆ 2010ರಲ್ಲಿ 1,000 ಡಾಲರ್ ಮೀರಿದ್ದ ಬ್ಯಾಟರಿ ಬೆಲೆ 2024ಕ್ಕೆ 115 ಡಾಲರ್ ಆಸುಪಾಸಿಗೆ ಬಂತು. ಚಿತ್ರ ಬಿಡುಗಡೆಯಾದ ಮರುತಿಂಗಳೇ ಟೆಸ್ಲಾ ತನ್ನ ಮೊದಲ ಕಾರಿನ ಮಾದರಿ ತೋರಿಸಿತು. ಅದರ ಪ್ರೇರಣೆಯೂ ಇವಿ1ರ ಹಿಂದಿದ್ದ ಎಂಜಿನಿಯರ್ ಅಲನ್ ಕೊಕೋನಿಯವರು ಲಿಥಿಯಂ ಕೋಶ ಜೋಡಿಸಿದ್ದ ಇನ್ನೊಂದು ಕಾರು.

ಇನ್ನು ಹವಾಮಾನದ ಮಾತು. ಕಾರಿಗೆ ಹೊಗೆಕೊಳವೆ ಇಲ್ಲದಿದ್ದರೇನು, ಕಲ್ಲಿದ್ದಲು ಸ್ಥಾವರಕ್ಕಿದೆಯಲ್ಲ ಎಂಬ ಆಕ್ಷೇಪವನ್ನು ಚಿತ್ರ ಎರಡು ಮಾತಿನಲ್ಲಿ ಮುಗಿಸುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಅದು ಸಾಕಾಗಬಹುದು, ಭಾರತಕ್ಕೆ ಸಾಲದು. ಹುಟ್ಟಿನಿಂದ ಗುಜರಿವರೆಗಿನ ಲೆಕ್ಕದಲ್ಲಿ ವಿದ್ಯುತ್ ಕಾರು ಪೆಟ್ರೋಲ್ ಕಾರಿಗಿಂತ ಎಷ್ಟು ಕಡಿಮೆ ಕಾರ್ಬನ್ ಬಿಡುತ್ತದೆಂದು ಐಸಿಸಿಟಿ ಸಂಸ್ಥೆ 2021ರಲ್ಲಿ ಅಂದಾಜು ಮಾಡಿತು: ಯುರೋಪಿನಲ್ಲಿ ಶೇ. 66ರಿಂದ 69, ಭಾರತದಲ್ಲಿ ಶೇ. 19ರಿಂದ 34. ಇಲ್ಲಿಯೂ ಲಾಭವೇ, ಆದರೆ ಜಾಹೀರಾತು ಹೇಳುವಷ್ಟಲ್ಲ. ಪಾವಗಡದಲ್ಲಿ 13,000 ಎಕರೆ ಮೇಲೆ 2,050 ಮೆಗಾವ್ಯಾಟ್ ಸೌರ ವಿದ್ಯುತ್ ಇದೆಯೆಂದು ನಾವು ಎದೆಯುಬ್ಬಿಸುತ್ತೇವೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಚಾರ್ಜಿಗೆ ಹಾಕಿದ ಕಾರಿಗೆ ಆ ಬಿಸಿಲು ತಲುಪುವುದಿಲ್ಲ. ಆ ಹೊತ್ತಿನಲ್ಲಿ ಉರಿಯುತ್ತಿರುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು. ಅದೇ ಕಾರನ್ನು ಹಗಲು ಆಫೀಸಿನಲ್ಲಿ ಚಾರ್ಜ್ ಮಾಡಿದರೆ ಲೆಕ್ಕವೇ ಬೇರೆ.

ಚಿತ್ರಕ್ಕೆ ಹೊಳೆಯದೇ ಹೋದ ಇನ್ನೊಂದು ಪ್ರಶ್ನೆ: ಒಬ್ಬರಿಗೊಂದು ಕಾರು ಏಕೆ? ಲಾಸ್ ಏಂಜಲಿಸ್‌ನ ಹೆದ್ದಾರಿಗಳಲ್ಲಿ ಸಾಲುಗಟ್ಟಿದ ಒಂಟಿ ಚಾಲಕರನ್ನು ಕ್ಯಾಮೆರಾ ನೋಡುತ್ತದೆ, ಪೇಯ್ನ್ ನೋಡುವುದಿಲ್ಲ. ಅವರಿಗೆ ಎಂಜಿನ್ ಬದಲಾದರೆ ಸಾಕು. 2025ರ ಆಗಸ್ಟಿನಲ್ಲಿ ಓಡತೊಡಗಿದ ನಮ್ಮ ಮೆಟ್ರೋದ ಹಳದಿ ಮಾರ್ಗ, ರೇವಾ ತಯಾರಾಗುತ್ತಿದ್ದ ಅದೇ ಬೊಮ್ಮಸಂದ್ರದವರೆಗೆ ಹೋಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಒಳಗಿರುವುದು ಪೆಟ್ರೋಲೋ ಬ್ಯಾಟರಿಯೋ, ಅದರ ಹಿಂದೆ ಸಿಕ್ಕಿಕೊಂಡ ಬಿಎಂಟಿಸಿ ಬಸ್ಸಿಗೆ ಎರಡೂ ಒಂದೇ.

ಪೇಯ್ನ್ 2011ರಲ್ಲಿ ‘ರಿವೆಂಜ್ ಆಫ್ ದಿ ಎಲೆಕ್ಟ್ರಿಕ್ ಕಾರ್’ ಎಂಬ ಮುಂದಿನ ಭಾಗ ಮಾಡಿದರು. ಜನರಲ್ ಮೋಟರ್ಸ್‌ನ ಬಾಬ್ ಲುಟ್ಜ್, ನಿಸ್ಸಾನಿನ ಕಾರ್ಲೋಸ್ ಘೋನ್, ಟೆಸ್ಲಾದ ಇಲಾನ್ ಮಸ್ಕ್ ಮತ್ತು ಗ್ಯಾರೇಜಿನಲ್ಲಿ ಹಳೆ ಕಾರಿಗೆ ಬ್ಯಾಟರಿ ಕೂರಿಸುವ ಒಬ್ಬರ ಸುತ್ತ ಅದು ಗಿರಕಿ ಹೊಡೆಯುತ್ತದೆ. ಕಳೆದ ಸಲ ಗೇಟಿನ ಹೊರಗೆ ನಿಂತಿದ್ದ ಕ್ಯಾಮೆರಾ ಈಗ ಫ್ಯಾಕ್ಟರಿಯ ಒಳಗಿದೆ. ಮೊದಲ ಚಿತ್ರ ನಿಯಮ ಮಾಡುವವರನ್ನೂ ಮುರಿಯುವವರನ್ನೂ ಹೆಸರಿಟ್ಟು ತೋರಿಸಿತ್ತು. ಎರಡನೆಯದಕ್ಕೆ ಧಣಿಗಳ ಮುಖಗಳೇ ಸಾಕಾಗಿವೆ. ಎರಡರಲ್ಲಿ ಒಂದನ್ನೇ ನೋಡುವಷ್ಟು ಪುರುಸೊತ್ತಿದ್ದರೆ, ತೀರ್ಪು ತಪ್ಪಿದ ಮೊದಲನೆಯದನ್ನೇ ನೋಡಿ.