ಕೊಡುಗೆ ರಾಮಣ್ಣ ರೈ ಅವರದ್ದು, ಎಲ್‌ಕೆಜಿ ಯಾರದ್ದು?

'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಸಿನಿಮಾವನ್ನು ಮೂರು ಸಲ ನೋಡಿದ್ದೇನೆ. ಮೊದಲ ಸಲ 2018ರಲ್ಲಿ, ರಿಲೀಸಾದ ವಾರವೇ, ಬೆಂಗಳೂರಿನ ಒಂದು ಮಾಲಿನಲ್ಲಿ, ಆಫೀಸಿನವರ ಜೊತೆ. ಅವತ್ತು ಪಕ್ಕದಲ್ಲಿ ಕೂತ ಶಿವಮೊಗ್ಗದ ಗೆಳೆಯ ಮಂಗಳೂರು ಕನ್ನಡಕ್ಕೆ ನಕ್ಕ, ನಾನು ಊರು ನೆನಪಾಗಿ ಸ್ವಲ್ಪ ಕಣ್ಣೊರೆಸಿಕೊಂಡೆ. ಮೂರನೇ ಸಲ ನೋಡಿದ್ದು ಕಳೆದ ಮಳೆಗಾಲದಲ್ಲಿ, ಚಾರ್ಮಾಡಿಯ ನಮ್ಮ ಮನೆಯ ಟಿವಿಯಲ್ಲಿ, ಕರೆಂಟು ಹೋಗಿ ಬಂದು ಮಾಡುವ ನಡುವೆ. ಹಿಂದೆ ಎರಡು ಸಲ ನೋಡಿದಾಗ ಹೊಳೆಯದ ಒಂದು ಪ್ರಶ್ನೆ ಆಗ ಬಂತು. ಈ ಮಕ್ಕಳೆಲ್ಲ ಒಂದನೇ ಕ್ಲಾಸಿಗೆ ಬರುವ ಮೊದಲು ಎಲ್ಲಿದ್ದರು?

ಪ್ರಶ್ನೆ ಪೆದ್ದು ಅನಿಸಬಹುದು. ರಿಷಬ್ ಶೆಟ್ಟಿ ಮಾಡಿದ್ದು ಏಳನೇ ಕ್ಲಾಸಿನ ಆಸುಪಾಸಿನ ಹುಡುಗರ ಕತೆ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು, ಬರಬೇಕಾದದ್ದೇ. ಶಾಲೆಯ ಜಗಲಿ, ಮೇಷ್ಟ್ರುಗಳ ಗಡಿಬಿಡಿ, ಮಕ್ಕಳ ಬಾಯಲ್ಲಿ ಬರುವ ನಮ್ಮ ಕಡೆಯ ಮಾತು, ಒಂದೂ ಸುಳ್ಳಿಲ್ಲ. ಅನಂತನಾಗ್ ಕೋರ್ಟಿನಲ್ಲಿ ಎದ್ದು ನಿಂತರೆ ನಮಗೆಲ್ಲ ಎದೆಯುಬ್ಬುತ್ತದೆ. ನನ್ನ ತಕರಾರು ಸಿನಿಮಾ ಕೆಟ್ಟದ್ದು ಅಂತ ಅಲ್ಲ. ಅದು ಇಷ್ಟು ಚಂದ ಇರುವುದರಿಂದಲೇ ಒಂದು ತಪ್ಪು ನಂಬಿಕೆ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ ಅಂತ.

ಆ ನಂಬಿಕೆ ಏನೆಂದರೆ, ಕನ್ನಡ ಶಾಲೆ ಮುಚ್ಚುವುದು ಯಾವನೋ ಒಬ್ಬ ಮುಚ್ಚಿಸುವುದರಿಂದ. ಸಿನಿಮಾದಲ್ಲಿ ಅದು ಮಲಯಾಳಿ ಅಧಿಕಾರಿ. ಕಾಸರಗೋಡಿನ ಮಟ್ಟಿಗೆ ಇದನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಂದಿನಿಂದ ಅಲ್ಲಿನ ಕನ್ನಡಿಗರಿಗೆ ಈ ಭಯ ಇದ್ದೇ ಇದೆ; ಕನ್ನಡ ಬಾರದ ಮೇಷ್ಟ್ರು ಕನ್ನಡ ಕ್ಲಾಸಿಗೆ ಬಂದು ನಿಲ್ಲುವುದು ಕಟ್ಟುಕತೆಯಲ್ಲ. ಆದರೆ ಚಿತ್ರೀಕರಣ ನಡೆದದ್ದು ಕಾಸರಗೋಡಿನಲ್ಲಲ್ಲ, ಬಂಟ್ವಾಳ ತಾಲೂಕಿನ ಕೈರಂಗಳದ ಶಾಲೆಯಲ್ಲಿ. ಅಂದರೆ ಕರ್ನಾಟಕದ ಒಳಗೆ. ಇಲ್ಲಿ ಶಾಲೆ ಖಾಲಿ ಮಾಡುವುದಕ್ಕೆ ಯಾವ ಮಲಯಾಳಿ ಅಧಿಕಾರಿಯೂ ಬರಬೇಕಿಲ್ಲ. ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನ್ ಬಂದರೆ ಸಾಕು.

ನಮ್ಮೂರಿನ ವ್ಯಾನಿನ ಬಗ್ಗೆ ಸ್ವಲ್ಪ ಹೇಳಬೇಕು. ಘಾಟಿಯ ಬುಡದಿಂದ ಕಕ್ಕಿಂಜೆ, ಮುಂಡಾಜೆ ದಾಟಿ ಉಜಿರೆ ಕಡೆಗೆ ಹೋಗುತ್ತದೆ. ಅದರಲ್ಲಿ ಕೂತವರಲ್ಲಿ ತೀರಾ ಚಿಕ್ಕವರಿಗೆ ಮೂರೂವರೆ ವರ್ಷ. ಕೊರಳಲ್ಲಿ ಟೈ, ಅರ್ಧ ನಿದ್ದೆ. ಸರಕಾರಿ ಶಾಲೆ ಬಾಗಿಲು ತೆರೆಯುವುದು ಮಗುವಿಗೆ ಆರಾದ ಮೇಲೆ. ವ್ಯಾನು ಎರಡೂವರೆ ವರ್ಷ ಮೊದಲೇ ಗೇಟಿಗೆ ಬಂದು ನಿಂತಿರುತ್ತದೆ. ಎಲ್‌ಕೆಜಿ, ಯುಕೆಜಿ ಒಂದು ಕಡೆ ಓದಿದ ಮಗುವನ್ನು ಒಂದನೇ ಕ್ಲಾಸಿಗೆ ಅಲ್ಲಿಂದ ಬಿಡಿಸಿ ಪಕ್ಕದ ಸರಕಾರಿ ಶಾಲೆಗೆ ಹಾಕುವ ಅಪ್ಪ-ಅಮ್ಮ ಎಷ್ಟು ಜನ ಸಿಕ್ಕಾರು? ತಮ್ಮನೂ ಅಕ್ಕನ ಹಿಂದೆಯೇ ವ್ಯಾನು ಹತ್ತುತ್ತಾನೆ. ನಮ್ಮ ಸಾಫ್ಟ್‌ವೇರ್ ಕಂಪನಿಗಳು ಮೊದಲ ವರ್ಷ ಫ್ರೀ ಕೊಟ್ಟು ಗಿರಾಕಿಯನ್ನು ಕಟ್ಟಿಹಾಕುತ್ತವಲ್ಲ, ಅದೇ ಲೆಕ್ಕ. ವ್ಯತ್ಯಾಸ ಇಷ್ಟೇ, ಇಲ್ಲಿ ಮೊದಲ ವರ್ಷಕ್ಕೂ ಫೀಸುಂಟು. ಅಡಿಕೆ ತೋಟಕ್ಕೆ ಕೂಲಿಗೆ ಹೋಗುವವರೂ ಸಾಲ ಮಾಡಿ ಕಟ್ಟುತ್ತಾರೆ. ಸಿನಿಮಾದ ಮಕ್ಕಳು ಏಳನೇ ಕ್ಲಾಸಿನಲ್ಲಿ ಹೋರಾಡಿದ ಶಾಲೆ ನಿಜ ಜೀವನದಲ್ಲಿ ಎಲ್‌ಕೆಜಿಯಲ್ಲೇ ಸೋತುಬಿಟ್ಟಿರುತ್ತದೆ.

ಇದು ಕುರ್ಚಿಯಲ್ಲಿ ಕೂತು ಹೊಸೆದ ತರ್ಕವಲ್ಲ. ಅದೇ ಬಂಟ್ವಾಳ ತಾಲೂಕಿನ ದಡ್ಡಲಕಾಡು ಸರಕಾರಿ ಶಾಲೆ ಇನ್ನೇನು ಮುಚ್ಚಿತು ಅನ್ನುವ ಸ್ಥಿತಿಗೆ ಬಂದಾಗ ಕರೆಂಕಿಯ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನವರು ಅದನ್ನು ದತ್ತು ತೆಗೆದುಕೊಂಡರು. ಭಾಷಣ ಮಾಡಲಿಲ್ಲ, ಕೋರ್ಟಿನಲ್ಲಿ ಚಪ್ಪಾಳೆ ಗಿಟ್ಟಿಸಲಿಲ್ಲ. ಎಲ್‌ಕೆಜಿ, ಯುಕೆಜಿ ಶುರು ಮಾಡಿದರು, ಇಂಗ್ಲಿಷ್ ಕಲಿಸಿದರು, ಮಕ್ಕಳನ್ನು ಕರೆತರಲು ವಾಹನ ಇಟ್ಟರು. ಕೆಲವೇ ವರ್ಷಗಳಲ್ಲಿ ಮಕ್ಕಳ ಸಂಖ್ಯೆ ನೂರುಗಳಿಗೆ ಏರಿತು. ಬಾಗಿಲು ಎಲ್ಲಿ ತೆರೆಯಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ಇಲ್ಲಿಗೆ ಈ ಬರಹ ಮುಗಿಸಿದ್ದರೆ ನನಗೂ ಸುಖ, ನಿಮಗೂ ಸುಖ. ಆದರೆ ಎರಡು ತೊಡಕುಗಳುಂಟು.

ಮೊದಲನೆಯದು, ಆ ಕ್ಲಬ್ಬು ಇಲ್ಲದ ಊರು ಏನು ಮಾಡಬೇಕು? ಸಿನಿಮಾದ ಹೆಸರಿನಲ್ಲೇ 'ಕೊಡುಗೆ' ಅಂತ ಉಂಟು. ನಮ್ಮ ಜಿಲ್ಲೆಯ ಶಾಲೆಗಳ ಗೋಡೆ, ಗೇಟು, ಗಡಿಯಾರ, ನೀರಿನ ಟ್ಯಾಂಕು, ಎಲ್ಲದರ ಮೇಲೆ ಯಾರಾದರೊಬ್ಬರ ಕೊಡುಗೆ ಅಂತ ಬರೆದಿರುತ್ತದೆ. ಅದು ಹೆಮ್ಮೆಯ ವಿಷಯವೇ. ಆದರೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಾಲೆ ಯಾರ ಕೊಡುಗೆಯೂ ಅಲ್ಲ, ಹಕ್ಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಅದೇ ಕಾಯ್ದೆಯ 11ನೇ ಸೆಕ್ಷನ್ನಿಗೆ ಬನ್ನಿ. ಮೂರರಿಂದ ಆರು ವರ್ಷದವರಿಗೆ ಸರಕಾರ ವ್ಯವಸ್ಥೆ ಮಾಡಬಹುದು ಅಂತ ಉಂಟು. ಮಾಡಲೇಬೇಕು ಅಂತ ಅಲ್ಲ. ಸಂವಿಧಾನದ 45ನೇ ವಿಧಿಯೂ 2002ರ ತಿದ್ದುಪಡಿಯ ನಂತರ ಆರರೊಳಗಿನವರ ವಿಷಯದಲ್ಲಿ ಸರಕಾರ ಪ್ರಯತ್ನಿಸಬೇಕು ಅನ್ನುವಲ್ಲಿಗೆ ನಿಲ್ಲುತ್ತದೆ. ಪ್ರಾಜೆಕ್ಟ್ ಡಾಕ್ಯುಮೆಂಟಿನಲ್ಲಿ ಯಾರಾದರೂ 'ಪ್ರಯತ್ನಿಸುತ್ತೇವೆ' ಅಂತ ಬರೆದರೆ ನಮಗೆಲ್ಲ ಅದರರ್ಥ ಚೆನ್ನಾಗಿ ಗೊತ್ತು.

ಎರಡನೆಯ ತೊಡಕು ಇನ್ನೂ ಕಷ್ಟದ್ದು. ಸರಕಾರಿ ಶಾಲೆಯಲ್ಲಿ ಎಲ್‌ಕೆಜಿ ಶುರುವಾದರೆ ಅದಕ್ಕೆ ಮಕ್ಕಳು ಬರುವುದು ವ್ಯಾನಿನಿಂದ ಮಾತ್ರವಲ್ಲ, ಪಕ್ಕದ ಅಂಗನವಾಡಿಯಿಂದಲೂ. 2024ರ ಜೂನ್‌ನಲ್ಲಿ ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ-ಯುಕೆಜಿ ತೆರೆಯುವ ಆದೇಶ ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು ಇದಕ್ಕೇ. ಆಗ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬರು, "ಇವರಿಗೆ ಮಕ್ಕಳು ಇಂಗ್ಲಿಷ್ ಕಲಿಯೋದು ಬೇಡ್ವಂತೆ, ತಮ್ಮ ಕೆಲಸ ಉಳಿದ್ರೆ ಸಾಕಂತೆ" ಅಂದರು. ನಾನೂ ತಲೆಯಾಡಿಸಿದೆ ಅಂತ ಕಾಣುತ್ತದೆ. ಈಗ ಹಾಗನಿಸುವುದಿಲ್ಲ. ನಾಲ್ಕು, ಐದು ವರ್ಷದವರು ಹೊರಟುಹೋದರೆ ಅಂಗನವಾಡಿಯಲ್ಲಿ ಉಳಿಯುವುದು ಮೂರರವರು ಮತ್ತು ಬಿಸಿಯೂಟಕ್ಕೆ ಬರುವ ಬಸುರಿ-ಬಾಣಂತಿಯರು. ಆಮೇಲೆ ಮಕ್ಕಳ ಸಂಖ್ಯೆ ಸಾಲದು ಅಂತ ಒಂದನ್ನು ಇನ್ನೊಂದಕ್ಕೆ ಸೇರಿಸಿದರೆ, ಕಾಡೊಳಗಿನ ಮಲೆಕುಡಿಯರ ಮನೆಯ ಮಗು ಮೂರು ವರ್ಷದ ಕಾಲಿನಲ್ಲಿ ಎಷ್ಟು ದೂರ ನಡೆಯಬೇಕು? 2019ರ ಆಗಸ್ಟಿನ ಮಳೆಗೆ ಗುಡ್ಡ ಜರಿದು, ಹೊಳೆ ತೋಟಕ್ಕೆ ನುಗ್ಗಿದ್ದನ್ನು ನೋಡಿದವರು ನಾವು. ನಮ್ಮ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಲ್ಲ. ನಡುವೆ ಹಳ್ಳ ಉಂಟಾ, ಸಂಕ ಉಂಟಾ, ಆನೆ ಬರುತ್ತದಾ ಅಂತ ಕೇಳುವುದು.

ಪ್ರತಿಭಟನೆಯ ನಂತರ ಬಂದ ಉತ್ತರ, ಅಂಗನವಾಡಿಯನ್ನೇ 'ಸರ್ಕಾರಿ ಮಾಂಟೆಸರಿ' ಮಾಡುವುದು. ಶುರುವಾದದ್ದು ಬೆಂಗಳೂರಿನಲ್ಲಿ. ದಿಕ್ಕು ಸರಿ ಉಂಟು ಅಂತಲೇ ನನ್ನ ಅಭಿಪ್ರಾಯ. ಮಕ್ಕಳು ಹೋಗುವ ಜಾಗ ಒಂದೇ ಇರಲಿ, ಹತ್ತಿರ ಇರಲಿ, ಅಲ್ಲಿ ಮೊಟ್ಟೆ-ಹಾಲಿನ ಜೊತೆ ಕಲಿಕೆಯೂ ಇರಲಿ. ಆದರೆ ಬೋರ್ಡು ಬದಲಾದ ಮಾತ್ರಕ್ಕೆ ಒಳಗಿನ ಲೆಕ್ಕ ಬದಲಾಗುವುದಿಲ್ಲ.

ಲೆಕ್ಕ ಹೀಗುಂಟು. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಯೋಜನೆ ಶುರುವಾದಾಗ ದೇಶದ ಮೊದಲ 33 ಜಾಗಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಆರು ಸೇವೆಗಳ ಪಟ್ಟಿಯಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಪೌಷ್ಟಿಕ ಆಹಾರಕ್ಕೆ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ ಅಂತ 2017ರಲ್ಲಿ ನಿಗದಿಯಾಯಿತು. ಮಾತಾಡಿಸುವುದಕ್ಕೆ, ಕತೆ ಹೇಳುವುದಕ್ಕೆ ಹಾಗೆ ತಲೆಗಿಷ್ಟು ಅಂತ ದರವಿಲ್ಲ. ಅದು ಟೀಚರಿನ ಗೌರವಧನದೊಳಗೇ ಬಂತು. ಸಂಬಳ ಅಲ್ಲ, ಗೌರವಧನ. ಕೇಂದ್ರದ ಲೆಕ್ಕದಲ್ಲಿ ಅದು 2018ರ ಅಕ್ಟೋಬರಿನಿಂದ ತಿಂಗಳಿಗೆ 4,500 ರೂಪಾಯಿ. ಮೇಲಿನದ್ದು ರಾಜ್ಯ ಸೇರಿಸಬೇಕು. ನಿವೃತ್ತಿಯ ವೇಳೆ ಗ್ರಾಚ್ಯುಟಿ ಸಿಗಬೇಕು ಅನ್ನುವುದನ್ನೂ 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ನನ್ನ ಮಗಳ ಎಲ್‌ಕೆಜಿಗೆ ಬೆಂಗಳೂರಿನಲ್ಲಿ ಒಂದು ವರ್ಷಕ್ಕೆ ಕಟ್ಟಿದ ಫೀಸು ನನ್ನ ನಾಲ್ಕು ವರ್ಷದ ಬಿಇ ಫೀಸಿಗಿಂತ ಹೆಚ್ಚು. ಕಟ್ಟಿದ್ದು ಯಾಕೆ? ಪುಟ್ಟ ಮಕ್ಕಳ ಮೆದುಳಿನ ಬೆಳವಣಿಗೆ ಬಗ್ಗೆ ಆ ಶಾಲೆಯವರು ತೋರಿಸಿದ ಸ್ಲೈಡುಗಳನ್ನು ನಂಬಿ ಅಂತ ಹೆಂಡತಿಗೆ ಹೇಳಿದೆ. ನಿಜ ಏನೆಂದರೆ, ಈಗ ಇಲ್ಲಿ ಸೀಟು ಹಿಡಿಯದಿದ್ದರೆ ಒಂದನೇ ಕ್ಲಾಸಿಗೆ ಸಿಗುವುದಿಲ್ಲ. ನಾನು ಕೊಂಡದ್ದು ಶಿಕ್ಷಣವಲ್ಲ, ಕ್ಯೂನಲ್ಲಿ ಒಂದು ಜಾಗ.

ಅಂಥ ಸ್ಲೈಡುಗಳಲ್ಲಿ ಜೇಮ್ಸ್ ಹೆಕ್‌ಮನ್ ಹೆಸರು ಬರುವುದುಂಟು. 2000ದಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ. ಚಿಕ್ಕ ವಯಸ್ಸಿನ ಮಕ್ಕಳ ಮೇಲೆ ಹಾಕಿದ ದುಡ್ಡಿಗೆ ಲಾಭ ಜಾಸ್ತಿ ಅನ್ನುವ ವಾದಕ್ಕೆ ಎಲ್ಲರೂ ಅವರನ್ನೇ ಕರೆಯುತ್ತಾರೆ. ಅವರು ಮುಖ್ಯವಾಗಿ ಆಧರಿಸಿದ್ದು ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬಲ್ಲಿ 1962ರಲ್ಲಿ ಶುರುವಾದ ಪೆರಿ ಪ್ರೀಸ್ಕೂಲನ್ನು. ಅದು ಬಡ ಕರಿಯ ಕುಟುಂಬಗಳ ಮಕ್ಕಳಿಗಾಗಿ ಮಾಡಿದ್ದು, ನನ್ನ ಮಗಳಂಥವರಿಗಲ್ಲ. ಅಲ್ಲಿ ಐದಾರು ಮಕ್ಕಳಿಗೊಬ್ಬ ಶಿಕ್ಷಕಿ, ಅವಳು ತರಬೇತಿಯಾದ, ಪೂರ್ತಿ ಸಂಬಳದ ಶಿಕ್ಷಕಿ. ವಾರಕ್ಕೊಮ್ಮೆ ಮಗುವಿನ ಮನೆಗೂ ಹೋಗುತ್ತಿದ್ದಳು. ಲಾಭದ ಅಂಕಿಯನ್ನು ಖಾಸಗಿ ಶಾಲೆಯೂ ಹೇಳುತ್ತದೆ, ಸರಕಾರವೂ ಹೇಳುತ್ತದೆ. ಬಂಡವಾಳದ ಅಂಕಿಯನ್ನು ಇಬ್ಬರೂ ಹೇಳುವುದಿಲ್ಲ.

ರಾಜಕೀಯ ಯಾರ ಮಾತು ಕೇಳುತ್ತದೆ ಅನ್ನುವುದಕ್ಕೆ 2025ರ ಉದಾಹರಣೆ ಸಾಕು. ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ ಆ ವರ್ಷ ಜಾರಿಯಾಗುವುದಿತ್ತು. ಎಲ್‌ಕೆಜಿ, ಯುಕೆಜಿ ಮುಗಿಸಿದ ಮಕ್ಕಳು ಇನ್ನೊಂದು ವರ್ಷ ಅಲ್ಲೇ ಕೂರಬೇಕಾ ಅಂತ ಪೋಷಕರು ಗಲಾಟೆ ಮಾಡಿದರು. ಏಪ್ರಿಲಿನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅದೊಂದು ವರ್ಷದ ಮಟ್ಟಿಗೆ ವಯಸ್ಸನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿದರು. ನನ್ನ ವಾಟ್ಸ್ಯಾಪ್ ಗ್ರೂಪಿನಲ್ಲಿ ಸಿಹಿ ಹಂಚಿದ ಚಿತ್ರಗಳು ಬಂದವು. ನಾನೂ ಒಂದು ಹೆಬ್ಬೆರಳು ಒತ್ತಿದೆ. ಅಂಗನವಾಡಿಯಿಂದ ನೇರ ಒಂದನೇ ಕ್ಲಾಸಿಗೆ ಹೋಗುವ ಮಗುವಿನ ಮನೆಯವರು ಅಂಥ ಯಾವ ಗ್ರೂಪಿನಲ್ಲೂ ಇರುವುದಿಲ್ಲ.

ಕಕ್ಕಿಂಜೆ, ಚಾರ್ಮಾಡಿ ಕಡೆಯ ಒಂದು ಅಂಗನವಾಡಿಯೊಳಗೆ ಕಿವಿಗೊಟ್ಟರೆ ತುಳು, ಬ್ಯಾರಿ, ಮಲಯಾಳ, ಕೊಂಕಣಿ ಎಲ್ಲ ಕೇಳಿಸಬಹುದು. ಕನ್ನಡ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ಸಿನಿಮಾದಲ್ಲಿ ಭಾಷೆಯ ಜಗಳ ಕನ್ನಡ-ಮಲಯಾಳ ಅಂತ ಎರಡೇ ಪಕ್ಷದ್ದು. ನಾನು ನಮ್ಮೂರ ಬಾಲವಾಡಿಗೆ ಹೋದಾಗ ನನಗೆ ಬರುತ್ತಿದ್ದದ್ದು ತುಳು ಮಾತ್ರ. ಟೀಚರ್ ಕತೆಯನ್ನು ಮೊದಲು ತುಳುವಿನಲ್ಲಿ ಹೇಳಿ, ಅದನ್ನೇ ಮರುದಿನ ಕನ್ನಡದಲ್ಲಿ ಹೇಳುತ್ತಿದ್ದರು. ನನ್ನ ಕನ್ನಡ ಬಂದದ್ದು ಅಲ್ಲಿಂದ. ಈ ಕೌಶಲಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ. ವ್ಯಾನಿನ ತುದಿಯಲ್ಲಿರುವ ಎಲ್‌ಕೆಜಿಯಲ್ಲಿ ಇದು ಸಿಗುತ್ತದೆ ಅಂತ ನನಗೆ ನಂಬಿಕೆಯಿಲ್ಲ.

ಆ ಟೀಚರ್ ಈಗಲೂ ಕೆಲಸದಲ್ಲಿದ್ದಾರೆ. ಮಳೆ ಬಿಟ್ಟ ಒಂದು ಸಂಜೆ ಹೋಗಿ ಮಾತಾಡಿಸಿದೆ. ಮಕ್ಕಳ ತೂಕ, ಎತ್ತರ, ಹಾಜರಿ, ಊಟ, ಎಲ್ಲ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಹಾಕಬೇಕು. 2025ರ ಜುಲೈಯಿಂದ ಮನೆಗೆ ಕೊಡುವ ಆಹಾರಕ್ಕೆ ತಾಯಂದಿರ ಮುಖವನ್ನೂ ಫೋನಿಗೆ ತೋರಿಸಬೇಕು. "ನೀನು ಇಂಥದ್ದನ್ನೇ ಅಲ್ವಾ ಮಾಡುದು ಬೆಂಗ್ಳೂರಲ್ಲಿ?" ಅಂತ ಕೇಳಿದರು. ಹೌದು ಅಂದೆ. ಮಗು ಇವತ್ತು ಎಷ್ಟು ಹೊಸ ಮಾತು ಆಡಿತು ಅಂತ ಅದರಲ್ಲಿ ಬರೆಯುವ ಜಾಗ ಉಂಟಾ ಅಂತ ಕೇಳಿದೆ. ನಕ್ಕರು.

ಸಿನಿಮಾ ನೋಡಿದ್ದೀರಾ ಅಂದೆ. "ಟಿವಿಯಲ್ಲಿ ಬಂದಾಗ ನೋಡಿದ್ದೇನೆ. ಲಾಯ್ಕುಂಟು. ಆದ್ರೆ ಅದ್ರಲ್ಲಿ ಬಾಲವಾಡಿ ಇಲ್ಲ ಅಲ್ಲ ಮಾರಾಯಾ?" ಅಂದವರು, ಕೊಡೆ ಬಿಡಿಸಿ, ಫೋನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು, ನೆಟ್‌ವರ್ಕ್ ಸಿಗುವ ಗುಡ್ಡದ ಕಡೆ ಹತ್ತಿದರು.