ಜಿಂಜಿ ಸೀಮೆಯ ಪಾಂಚಾಲಿ

ದ್ರೌಪದಿಯ ಮುಡಿ ಕಟ್ಟುವ ಪ್ರತಿಜ್ಞೆ ವ್ಯಾಸರದಲ್ಲ. ಭಟ್ಟನಾರಾಯಣನ 'ವೇಣೀಸಂಹಾರ' ಅದನ್ನು ನಾಟಕವಾಗಿಸಿತು, ನಮ್ಮ ರನ್ನ 'ಗದಾಯುದ್ಧ'ದಲ್ಲಿ ಮೆರೆಸಿದ. ಆದರೆ ರನ್ನನಿಗೆ ಅದು ಸಾಹಸಭೀಮನ ಗೆಲುವು. ಭೀಮನ ನೆರಳಲ್ಲಿ ರನ್ನನ ಒಡೆಯ ಸತ್ಯಾಶ್ರಯನೂ ನಿಂತಿದ್ದಾನೆ. ಬಿಚ್ಚಿದ ಮುಡಿ ಯಾರದೋ, ಕೀರ್ತಿ ಮಾತ್ರ ಕಟ್ಟಿದವನದು. ಉತ್ತರ ತಮಿಳುನಾಡಿನ ದ್ರೌಪದಿ ಅಮ್ಮನ್ ಸಂಪ್ರದಾಯ ಈ ಲೆಕ್ಕವನ್ನು ತಿರುವುಮುರುವು ಮಾಡಿದೆ. ಅದರ ಹಿರಿಮೆ ಅಲ್ಲಿದೆ.

ಜಿಂಜಿ ಬಳಿಯ ಮೇಲಚ್ಚೇರಿಯನ್ನು ಈ ಅಮ್ಮನ ಮೂಲಸ್ಥಾನವೆಂದು ಭಕ್ತರು ನಂಬುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಬೇಸಿಗೆಯ ಹಬ್ಬವೆಂದರೆ ಹಗಲು ವಿಲ್ಲಿಪುತ್ತೂರರ್ ಬರೆದ ತಮಿಳು ಭಾರತದ ಪ್ರವಚನ, ರಾತ್ರಿ ತೆರುಕ್ಕೂತ್ತು ಎಂಬ ಬೀದಿನಾಟಕ. ಅರ್ಜುನನ ವೇಷಧಾರಿ ತಪಸ್ಸಿಗೆಂದು ಎತ್ತರದ ಕಂಬ ಹತ್ತುತ್ತಾನೆ. ಕೊನೆಗೆ ಬಯಲಲ್ಲಿ ಮಣ್ಣಿನ ದೈತ್ಯ ದುರ್ಯೋಧನ ಅಂಗಾತ ಮಲಗುತ್ತಾನೆ. ಭೀಮ ಅವನ ತೊಡೆ ಮುರಿದ ಮೇಲೆ ಪಾಂಚಾಲಿಯ ಮುಡಿ ಕಟ್ಟುತ್ತಾರೆ. ಊರಿಗೆ ಊರೇ ಕಾಯುವುದು ಆ ಗಳಿಗೆಗಾಗಿ. ಆಮೇಲೆ ಕೆಂಡ ಹಾಯುವುದು. ಇಲ್ಲಿ ಭೀಮ ಕೆಲಸ ಮುಗಿಸಿಕೊಟ್ಟವನು ಅಷ್ಟೆ, ಯುದ್ಧ ಅವಳದು.

ಅಮೆರಿಕದ ವಿದ್ವಾಂಸ ಆಲ್ಫ್ ಹಿಲ್ಟೆಬೈಟೆಲ್ ಈ ಪಂಥದ ಬಗ್ಗೆ 1988 ಮತ್ತು 1991ರಲ್ಲಿ ಎರಡು ದಪ್ಪ ಸಂಪುಟ ಬರೆದರು. ಹಳ್ಳಿಯ ಆಚರಣೆಯನ್ನು ಅವರು ಸಂಸ್ಕೃತ ಭಾರತದ ಗಂಭೀರ ವ್ಯಾಖ್ಯಾನವೆಂದೇ ಓದಿದರು. 'ಜಾನಪದ ಅಪಭ್ರಂಶ' ಎಂದು ಮೂಗು ಮುರಿಯುವವರಿಗೆ ಅದು ತಕ್ಕ ಉತ್ತರ. ಆದರೂ ಕೂತ್ತಿನ ಎಲ್ಲ ಎಳೆಗಳನ್ನೂ ವ್ಯಾಸರ ಮಗ್ಗಕ್ಕೇ ಕಟ್ಟಬೇಕೇ ಎಂಬ ಸಂಶಯ ನನಗಿದೆ. ಅಮ್ಮನ ಕಾವಲಿಗೆ ಪೋತ್ತುರಾಜನ ಜೊತೆ ಮುತ್ತಾಲ್ ರಾವುತ್ತನ್ ಎಂಬ ಮುಸ್ಲಿಂ ವೀರ ನಿಂತಿದ್ದಾನೆ. ಅವನು ಬಂದದ್ದು ಪರ್ವಗಳಿಂದಲ್ಲ, ಆ ಸೀಮೆಯ ಇತಿಹಾಸದಿಂದ. (ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯ ಕರಗ ಮಸ್ತಾನ್ ಸಾಬರ ದರ್ಗಾದಲ್ಲಿ ನಿಂತು ಮುಂದೆ ಹೋಗುವುದನ್ನು ಕಂಡವರಿಗೆ ಇದು ಅಚ್ಚರಿಯಲ್ಲ.)

ಅರವಾನನ ಕಥೆಯಂತೂ ಇನ್ನೂ ದೂರ ಹೋಗಿದೆ. ಅರವಾನನೆಂದರೆ ವ್ಯಾಸರ ಇರಾವಂತ, ಅರ್ಜುನನಿಗೆ ನಾಗಕನ್ಯೆ ಉಲೂಪಿಯಲ್ಲಿ ಹುಟ್ಟಿದ ಮಗ. ವ್ಯಾಸರಲ್ಲಿ ಅವನು ಯುದ್ಧದ ಎಂಟನೆಯ ದಿನ ಅಲಂಬುಸನ ಕೈಯಲ್ಲಿ ಸಾಯುತ್ತಾನೆ, ಕಥೆ ಮುಂದಕ್ಕೆ ಹೋಗಿಬಿಡುತ್ತದೆ. ತಮಿಳಿನಲ್ಲಿ 9ನೇ ಶತಮಾನದ ಪೆರುಂದೇವನಾರರ 'ಭಾರತ ವೆಣ್ಬಾ'ದ ಹೊತ್ತಿಗೇ ಅವನು ಯುದ್ಧಕ್ಕೆ ಮೊದಲು ಕೊಡುವ ಬಲಿ. ಮದುವೆಯಿಲ್ಲದೆ ಸಾಯಬಾರದೆಂದು ಕೃಷ್ಣನೇ ಮೋಹಿನಿಯಾಗಿ ಅವನ ಕೈಹಿಡಿದ ಎನ್ನುವುದು ಜನರ ಕಥೆ. ಉಳುಂದೂರ್‌ಪೇಟೆ ಬಳಿಯ ಕೂವಗಂನಲ್ಲಿ ಚಿತ್ತಿರೈ ಹುಣ್ಣಿಮೆಗೆ ಸೇರುವ ತಿರುನಂಗೈಯರು (ಲಿಂಗಪರಿವರ್ತಿತ ಮಹಿಳೆಯರು) ಅವನ ತಾಳಿ ಕಟ್ಟಿಸಿಕೊಂಡು ಮಾರನೆಯ ದಿನ ಬಳೆ ಒಡೆದು ಅಳುತ್ತಾರೆ. ಧರ್ಮಯುದ್ಧಕ್ಕೆ ನಾಗಕನ್ಯೆಯ ಮಗನನ್ನೇ ಏಕೆ ಆರಿಸಿದಿರಿ ಎಂದು ಪಾಂಡವರನ್ನೂ ಕೃಷ್ಣನನ್ನೂ ಕಟಕಟೆಗೆ ಎಳೆಯುವ ಕಥೆ ಇದು. ವ್ಯಾಸರು ಎತ್ತದ ಪ್ರಶ್ನೆಯನ್ನು ಹಳ್ಳಿ ಎತ್ತಿತು.

ಆದರೆ ಹೊಗಳಿಕೆಗೆ ಇಲ್ಲೊಂದು ತಡೆ ಬೇಕು. ಈ ಪಾಂಚಾಲಿ ದೇವತೆಯಾದದ್ದು ಐವರ ಹೆಂಡತಿಯಾಗಿ ಅಲ್ಲ. ಭಕ್ತರ ಪಾಲಿಗೆ ಅವಳು ಕನ್ನಿ, ಅಂದರೆ ಕನ್ಯೆ; ಕೆಂಡ ತುಳಿದು ಪಾತಿವ್ರತ್ಯ ಸಾಬೀತು ಮಾಡಿದವಳು. ಪಂಪ ಅವಳನ್ನು ಅರ್ಜುನನೊಬ್ಬನಿಗೆ ಮದುವೆ ಮಾಡಿಸಿ ಮುಜುಗರ ತಪ್ಪಿಸಿಕೊಂಡ. ತಮಿಳು ಹಳ್ಳಿ ಐವರನ್ನೂ ಉಳಿಸಿಕೊಂಡು ಬೆಂಕಿಯಿಂದ ತೊಳೆಯಿತು. ದಾರಿ ಬೇರೆ, ಅಳುಕು ಒಂದೇ. ಅವಳ ಕೋಪವನ್ನು ಒಪ್ಪಿದ ಸಂಪ್ರದಾಯಕ್ಕೆ ಅವಳ ದಾಂಪತ್ಯವನ್ನು ಒಪ್ಪಲಾಗಲಿಲ್ಲ.

ಮೇಲ್ಪಾದಿಯ ಪ್ರಕರಣ ಇದಕ್ಕಿಂತ ಕಹಿ. ವಿಳುಪ್ಪುರಂ ಜಿಲ್ಲೆಯ ಆ ಊರಿನ ಧರ್ಮರಾಜ ದ್ರೌಪದಿ ಅಮ್ಮನ್ ಗುಡಿಗೆ ದಲಿತರ ಪ್ರವೇಶದ ಜಗಳದಿಂದಾಗಿ 2023ರ ಜೂನ್‌ನಲ್ಲಿ ಅಧಿಕಾರಿಗಳು ಬೀಗಮುದ್ರೆ ಹಾಕಿದರು. ವಿವಾದ ಹೈಕೋರ್ಟಿಗೆ ಹೋಯಿತು. ತುಂಬಿದ ಸಭೆಯಲ್ಲಿ ಅವಮಾನಿತಳಾದ ಹೆಣ್ಣಿನ ಪ್ರಶ್ನೆಯನ್ನು ರಾತ್ರಿಯಿಡೀ ಆಡಿ ತೋರಿಸುವ ಸೀಮೆಯದೇ ಗುಡಿ ಅದು. ಕೂತ್ತಿನಲ್ಲಿ ಭೀಷ್ಮ ತಲೆ ತಗ್ಗಿಸಿದಾಗ ನಿಟ್ಟುಸಿರಿಡುವ ಪ್ರೇಕ್ಷಕರು ತಮ್ಮೂರಿನ ಸಭೆಯಲ್ಲಿ ಯಾವ ಪಕ್ಷದಲ್ಲಿ ಕೂತಿದ್ದಾರೆಂದು ಈ ಪಂಥದ ಮೇಲಿನ ಅಧ್ಯಯನಗಳು ಕೇಳಬೇಕು.