ಸೂರಿಲ್ಲದವರ ಮಾತು ಯಾರ ಸ್ವತ್ತು?

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಸುತ್ತಣ ತಾಂಡಾಗಳಿಂದ ದುಡಿಮೆಯನ್ನರಸಿ ಹೈದರಾಬಾದು, ಪುಣೆ, ಮುಂಬಯಿಗಳಿಗೆ ಹೋಗುವವರಲ್ಲಿ ಅನೇಕರಿಗೆ ಊರಿನಲ್ಲಿ ಗುಡಿಸಲಿದ್ದರೂ ನಗರದಲ್ಲಿ ಸೂರಿಲ್ಲ. 2011ರ ಜನಗಣತಿಯಂತೆ ದೇಶದಲ್ಲಿ ವಸತಿಹೀನರು 17 ಲಕ್ಷಕ್ಕೂ ಅಧಿಕ. ಇಂಥವರ ಬದುಕನ್ನು ಅವರ ಬಾಯಿಂದಲೇ ಹೇಳಿಸುವ ಕಿರು ಸಾಕ್ಷ್ಯಚಿತ್ರವನ್ನು ಯೋಜಿಸುವವರು, ಈ ದಾರಿಯಲ್ಲಿ ಹಿಂದೆ ನಡೆದ ಎರಡು ಚಿತ್ರಗಳನ್ನು ಮೊದಲು ಪರಿಶೀಲಿಸುವುದು ಉಚಿತ.

ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟಿ 1935ರಲ್ಲಿ ತೆಗೆದ 'ಹೌಸಿಂಗ್ ಪ್ರಾಬ್ಲಮ್ಸ್' ಚಿತ್ರದಲ್ಲಿ ಲಂಡನ್ನಿನ ಕೊಳೆಗೇರಿಯ ನಿವಾಸಿಗಳು ಕ್ಯಾಮೆರಾದೆದುರು ನಿಂತು ತಮ್ಮ ಸಂಕಟವನ್ನು ತಾವೇ ಹೇಳಿದರು. ಅಂದಿಗೆ ಅದು ಹೊಸ ಕ್ರಮ. ಆದರೆ ಚಿತ್ರಕ್ಕೆ ಹಣ ಒದಗಿಸಿದ್ದು ಅನಿಲ ಉದ್ಯಮ. ಬಡವರು ನುಡಿದ ಸತ್ಯವು ಹೊಸ ವಸತಿಗಳಿಗೆ ಅನಿಲ ಮಾರುವವರ ಖಾತೆಗೂ ಜಮೆಯಾಯಿತು.

ಆನಂದ್ ಪಟವರ್ಧನರ 'ಬಾಂಬೆ: ಅವರ್ ಸಿಟಿ' (1985) ಇದಕ್ಕಿಂತ ಪ್ರಾಮಾಣಿಕವಾದುದು. ಮುಂಬಯಿಯ ಗುಡಿಸಲುಗಳ ನೆಲಸಮವನ್ನು ತೋರಿಸುವ ಈ ಚಿತ್ರದಲ್ಲಿ ಹೆಣ್ಣುಮಗಳೊಬ್ಬಳು ನಿರ್ದೇಶಕರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಬಡವರ ಪಟ ತೆಗೆದು ಹೆಸರು ಗಳಿಸುವಿರಿ, ನಮಗಾಗುವ ಲಾಭವೇನು ಎಂಬುದು ಅವಳ ಆಕ್ಷೇಪದ ಸಾರ. ಅದನ್ನು ಕತ್ತರಿಸದೆ ಉಳಿಸಿದ್ದು ನಿರ್ದೇಶಕರ ಹಿರಿಮೆ. ಆದರೂ ಅವಳ ಪ್ರಶ್ನೆ ತೀರಲಿಲ್ಲ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದೇ 1985ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಜೀವನೋಪಾಯದ ಹಕ್ಕನ್ನು ಜೀವಿಸುವ ಹಕ್ಕಿನ ಅಂಗವೆಂದು ಮನ್ನಿಸಿತಾದರೂ, ಕಾಲುದಾರಿಯಲ್ಲಿ ನೆಲಸುವ ಹಕ್ಕನ್ನು ಒಪ್ಪಲಿಲ್ಲ.

ಹಾಗಾದರೆ ಚಿತ್ರ ತೆಗೆಯುವುದೇ ಬೇಡವೇ? ತೆಗೆಯಬೇಕು, ಆದರೆ ಆ ಹೆಣ್ಣುಮಗಳ ಪ್ರಶ್ನೆಗೆ ಚಿತ್ರೀಕರಣಕ್ಕೆ ಮೊದಲೇ ಉತ್ತರ ಸಿದ್ಧವಿರಬೇಕು. ತಾಂಡಾದವರು ತಮ್ಮ ಲಂಬಾಣಿ ನುಡಿಯಲ್ಲೇ ಮಾತನಾಡಲಿ, ಕನ್ನಡ ಅನುವಾದ ತೆರೆಯ ಕೆಳಗೆ ಮೂಡಲಿ. ಚಿತ್ರೀಕರಣಕ್ಕಾಗಿ ಕೆಲಸ ಬಿಟ್ಟು ಕುಳಿತವರಿಗೆ ಆ ದಿನದ ಕೂಲಿ ಸಲ್ಲಲಿ. ಅದು ದಾನವಲ್ಲ, ಋಣ. ಸಿದ್ಧವಾದ ಚಿತ್ರವನ್ನು ಮೊದಲು ತಾಂಡಾದಲ್ಲಿಯೇ ತೋರಿಸಿ, ಯಾರು ಬೇಡವೆಂದರೂ ಆ ಭಾಗವನ್ನು ತೆಗೆದುಹಾಕಬೇಕು, ಅದು ಚಿತ್ರದ ಅತ್ಯುತ್ತಮ ಭಾಗವಾಗಿದ್ದರೂ ಸರಿಯೇ. ದ್ರವ್ಯಸಹಾಯ ಮಾಡುವ ಸಂಸ್ಥೆಗಳು ಬಡವರ ಮುಖದ ಪಕ್ಕದಲ್ಲಿ ತಮ್ಮ ನಾಮಫಲಕವನ್ನು ಬಯಸಬಾರದು.

ಕೊಡದುದನ್ನು ಕೊಳ್ಳಬಾರದೆಂಬುದನ್ನು ನಾವು ಹಣ, ಧಾನ್ಯ, ಭೂಮಿಗಳ ವಿಷಯದಲ್ಲಿ ಬಲ್ಲೆವು. ನಿರ್ಗತಿಕನ ಬಳಿ ಉಳಿದಿರುವುದು ಅವನ ಕಥೆಯೊಂದೇ. ಆ ನಿಯಮ ಅದಕ್ಕೂ ಅನ್ವಯಿಸಬೇಕಲ್ಲವೇ?